ಒಡೆದ ಬಾಗಿಲಿನ ಆಚೆ

‘ಸಿ.ಐ.ಡಿ.’ ಧಾರಾವಾಹಿಯ ತೆರೆಮರೆಯ ಸಂಗತಿಗಳು ಮತ್ತು ತೆರೆಗೆ ಬಾರದ ಸಂಗತಿಗಳು

ಬಾಗಿಲು ಒಡೆಯುವುದನ್ನು ನೋಡಲೆಂದು ಇಪ್ಪತ್ತು ವರ್ಷ ಟಿ.ವಿ. ಮುಂದೆ ಕೂತ ಜನ ನಾವು. ‘ದಯಾ, ದರ್ವಾಜಾ ತೋಡ್ ದೋ’ ಎಂದು ಎ.ಸಿ.ಪಿ. ಪ್ರದ್ಯುಮ್ನ ಹೇಳುವುದೇ ತಡ, ಆಜಾನುಬಾಹು ದಯಾ ಎರಡು ಹೆಜ್ಜೆ ಹಿಂದೆ ಸರಿದು ಒದೆಯುತ್ತಿದ್ದ. ಬಾಗಿಲು ಸೋತು ಒಳಗೆ ಬೀಳುತ್ತಿತ್ತು. ನಮ್ಮ ಎಮ್ಮೆದೊಡ್ಡಿಯ ಮೊಹಲ್ಲಾದಲ್ಲಿ ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು. ಒಮ್ಮೆ ನಮ್ಮ ಚಾಚಾನ ಮಗನೊಬ್ಬ ಮರುದಿನ ಬೆಳಿಗ್ಗೆಯೇ ಬಚ್ಚಲಮನೆಯ ತಗಡಿನ ಬಾಗಿಲಿಗೆ ಅದೇ ಪ್ರಯೋಗ ಮಾಡಿ, ಒಳಗಿದ್ದ ತನ್ನ ಅಜ್ಜನಿಂದ ಚೆನ್ನಾಗಿ ಬೈಸಿಕೊಂಡಿದ್ದ.

ಸೋನಿ ವಾಹಿನಿಯಲ್ಲಿ 1998ರ ಜನವರಿ 21ರಂದು ಆರಂಭವಾದ ‘ಸಿ.ಐ.ಡಿ.’ 2018ರ ಅಕ್ಟೋಬರ್ 27ರವರೆಗೆ 1547 ಕಂತುಗಳಲ್ಲಿ ಓಡಿತು. ಆರು ವರ್ಷ ಸುಮ್ಮನಿದ್ದು 2024ರ ಡಿಸೆಂಬರ್ 21ರಂದು ಮತ್ತೆ ಎದ್ದು ಬಂತು. 2025ರ ಏಪ್ರಿಲ್‌ನಲ್ಲಿ ಪ್ರದ್ಯುಮ್ನ ಸತ್ತಂತೆ ತೋರಿಸಿದಾಗ ವಾಹಿನಿಯೇ ಶೋಕಸಂದೇಶ ಹೊರಡಿಸಿತು. ನಿಜವಾಗಿ ಯಾರೋ ತೀರಿಕೊಂಡರೆಂಬಂತೆ ಜನ ಮರುಗಿದರು. ಕಾಲ್ಪನಿಕ ಪೊಲೀಸ್ ಅಧಿಕಾರಿಯೊಬ್ಬನ ಸಾವಿಗೆ ಇಷ್ಟು ಮರುಗುವ ನಾಡಿನಲ್ಲಿ ಈ ಧಾರಾವಾಹಿ ಏನು ಮಾಡಿದೆ, ಏನು ಮಾಡಿಲ್ಲ ಎಂದು ಕೇಳುವುದು ಅಗತ್ಯವೆನಿಸಿ ಈ ಬರಹ.

ಮೊದಲೇ ಹೇಳಿಬಿಡುತ್ತೇವೆ, ನಾವು ಈ ಧಾರಾವಾಹಿಯ ಹಳೆಯ ಅಭಿಮಾನಿಗಳು. ಅಭಿಮಾನಿಗಳಲ್ಲದವರಿಗೆ ಇದರ ಬಗ್ಗೆ ಜಗಳವಾಡುವ ಹಕ್ಕೂ ಕಡಿಮೆ ಎಂದು ನಮ್ಮ ಅಭಿಪ್ರಾಯ.

ಶುಕ್ರವಾರ ರಾತ್ರಿಯ ಅನುವಾದಕರು

1998ರಲ್ಲಿ ನಾವು ಕಡೂರಿನಲ್ಲಿ ಓದುತ್ತಿದ್ದೆವು. ಕೇಬಲ್ ಇದ್ದದ್ದು ಪೇಟೆಯಲ್ಲಿದ್ದ ಮಾಮುವಿನ ಮನೆಯಲ್ಲಿ. ಎಮ್ಮೆದೊಡ್ಡಿಯಲ್ಲಿ ಆಗ ದೂರದರ್ಶನದ ಆಂಟೆನಾ ಮಾತ್ರ, ಗಾಳಿ ಬಂದಾಗಲೆಲ್ಲ ಯಾರಾದರೊಬ್ಬರು ಹೆಂಚಿನ ಮೇಲೆ ಹತ್ತಬೇಕು. ಊರಿಗೆ ಕೇಬಲ್ ಬಂದದ್ದು ಕೆಲವು ವರ್ಷಗಳ ನಂತರ. ಬಂದ ಮೇಲೆ ಶುಕ್ರವಾರ ರಾತ್ರಿ ನಮ್ಮ ಮನೆಯ ಪಡಸಾಲೆ ತುಂಬುತ್ತಿತ್ತು. ಮಧ್ಯಾಹ್ನ ಜುಮ್ಮಾ, ರಾತ್ರಿ ಸಿ.ಐ.ಡಿ. ಎಂದು ಅಬ್ಬಾ ಗೊಣಗುತ್ತಿದ್ದರು. ಗೊಣಗುತ್ತಲೇ ಕುರ್ಚಿಯನ್ನು ಟಿ.ವಿ. ಕಾಣುವ ಹಾಗೆ ತಿರುಗಿಸಿಕೊಳ್ಳುತ್ತಿದ್ದರು.

ಹಿಂದಿ ನಮಗೆ ತೊಡಕಾಗಲಿಲ್ಲ. ಮನೆಯಲ್ಲಿ ದಖನಿ, ಪ್ರೈಮರಿಯಲ್ಲಿ ಉರ್ದು ಓದಿದವರು ನಾವು. ಆದರೆ ಪಡಸಾಲೆಯಲ್ಲಿ ಕೂರುತ್ತಿದ್ದವರಲ್ಲಿ ಅರ್ಧ ಜನ ಅಕ್ಕಪಕ್ಕದ ಕನ್ನಡದ ಮನೆಗಳವರು. ಪಕ್ಕದ ಮನೆಯ ಅಜ್ಜಿಯಂತೂ ಎಲೆಅಡಿಕೆ ಚೀಲದ ಸಮೇತ ಬಂದು ಗೋಡೆಗೆ ಒರಗಿ, ‘ಏನಂತೆ ಮಗಾ ಅವ್ನು ಹೇಳ್ತಿರೋದು?’ ಎಂದು ಎರಡು ನಿಮಿಷಕ್ಕೊಮ್ಮೆ ಕೇಳುತ್ತಿದ್ದರು. ನಾವು ಅನುವಾದ ಮಾಡಬೇಕು. ಕನ್ನಡದಲ್ಲಿ ಡಬ್ಬಿಂಗ್‌ಗೆ ಚಿತ್ರೋದ್ಯಮದ ವಿರೋಧ ದಶಕಗಳ ಕಾಲ ಇತ್ತು. 2015ರಲ್ಲಿ ಸ್ಪರ್ಧಾ ಆಯೋಗ ಆ ಬಹಿಷ್ಕಾರವನ್ನು ತಪ್ಪೆಂದಿತು, ಡಬ್ಬಿಂಗ್ ಧಾರಾವಾಹಿಗಳು ಮನೆಮನೆಗೆ ಧಾರಾಳವಾಗಿ ಬಂದದ್ದು 2020ರ ಲಾಕ್‌ಡೌನ್ ಹೊತ್ತಿಗೆ. ಅಲ್ಲಿಯವರೆಗೆ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಹಿಂದಿ ಧಾರಾವಾಹಿಗಳಿಗೆ ಡಬ್ಬಿಂಗ್ ಕಲಾವಿದರಾಗಿದ್ದವರು ಉರ್ದು ಶಾಲೆಯ ಹುಡುಗರು. ನಮ್ಮ ಸಾಹಿತ್ಯಕೃಷಿಯ ಮೊದಲ ಅನುವಾದ ಕೃತಿಯೆಂದರೆ ಅಜ್ಜಿಗೆ ಒಪ್ಪಿಸಿದ ಕೊಲೆ ಪ್ರಕರಣಗಳೇ.

ಅನುವಾದ ಮಾಡುವಾಗ ನಮಗೊಂದು ವಿಚಿತ್ರ ಹೊಳೆಯಿತು. ಅನುವಾದಿಸಬೇಕಾದ ಮಾತುಗಳೇ ಕಡಿಮೆ! ‘ಖೂನ್’ ಎಂದರೆ ಅಜ್ಜಿಗೆ ಖೂನಿ ಗೊತ್ತು. ‘ವಕೀಲ್’ ಎಂದರೆ ವಕೀಲ. ಫಿರ್ಯಾದಿ, ಜಾಮೀನು, ಜಪ್ತಿ, ಮಹಜರು, ತಕರಾರು, ಕೈದಿ, ಕಡೆಗೆ ‘ತನಿಖೆ’ ಕೂಡ ಪಾರಸಿ-ಅರಬಿಯ ದಾರಿಯಲ್ಲಿ ಬಂದು ಕನ್ನಡದ ಠಾಣೆಯಲ್ಲಿ ನೆಲೆನಿಂತ ಮಾತುಗಳು. ವಶಪಡಿಸಿಕೊಂಡ ಮಾಲಿಗೆ ಪೊಲೀಸರು ‘ಮುದ್ದೆಮಾಲು’ ಎನ್ನುತ್ತಾರೆ. ರಾಗಿಮುದ್ದೆ ಉಂಡು ಬೆಳೆದ ನಾವು ಬಹುದಿನ ಅದು ಕೈದಿಗಳಿಗೆ ಹಾಕುವ ಊಟವೆಂದೇ ತಿಳಿದಿದ್ದೆವು. ಕನ್ನಡ ಬೇರೆ, ಸಾಬರ ಭಾಷೆ ಬೇರೆ ಎಂದು ಗೆರೆ ಎಳೆಯುವವರು ಒಮ್ಮೆ ಯಾವುದಾದರೂ ಠಾಣೆಗೆ ಹೋಗಿ ಒಂದು ಎಫ್.ಐ.ಆರ್. ಓದಲಿ.

ತೆರೆಮರೆಯ ಕಥೆಗಳು

ಈ ಧಾರಾವಾಹಿಯನ್ನು ಹುಟ್ಟಿಸಿದವರು ಬಿ.ಪಿ. ಸಿಂಗ್. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಛಾಯಾಗ್ರಹಣ ಕಲಿತು, ಮುಂಬೈ ದೂರದರ್ಶನದಲ್ಲಿ ಸುದ್ದಿಯ ಕ್ಯಾಮರಾ ಹಿಡಿದವರು. ಸುದ್ದಿ ಕ್ಯಾಮರಾಮನ್‌ಗೆ ಶವ, ಪಂಚನಾಮೆ, ಪೊಲೀಸರ ಓಡಾಟ ದಿನದ ನೋಟ. ಅದರಿಂದಲೇ ಅವರು ಮೊದಲು ಮರಾಠಿಯಲ್ಲಿ ‘ಏಕ್ ಶೂನ್ಯ ಶೂನ್ಯ’ ಮಾಡಿದರು. ಹೆಸರು ಪೊಲೀಸರ ಫೋನ್ ಸಂಖ್ಯೆ ನೂರರದ್ದು. ಬ್ಯಾಂಕ್ ನೌಕರಿ ಮಾಡುತ್ತ ನಾಟಕದ ಗೀಳು ಹಚ್ಚಿಕೊಂಡಿದ್ದ ಶಿವಾಜಿ ಸಾಟಮ್ ಅದರಲ್ಲಿದ್ದರು. ಹಿಂದಿಯಲ್ಲಿ ‘ಸಿ.ಐ.ಡಿ.’ ಆರಂಭವಾದಾಗ ಅವರೇ ಎ.ಸಿ.ಪಿ. ಪ್ರದ್ಯುಮ್ನ ಆದರು. ನಂತರ ಬಿ.ಪಿ. ಸಿಂಗ್ ತಾವು ಕಲಿತ ಅದೇ ಸಂಸ್ಥೆಯ ಅಧ್ಯಕ್ಷರಾದದ್ದು 2018ರ ಡಿಸೆಂಬರ್‌ನಲ್ಲಿ, ಧಾರಾವಾಹಿ ನಿಂತ ಎರಡೇ ತಿಂಗಳಿಗೆ.

ಇನ್ನೂ ಕೆಲವು ಸಂಗತಿಗಳು ಅಭಿಮಾನಿಗಳ ಬಾಯಲ್ಲಿ ಓಡಾಡುತ್ತಿರುತ್ತವೆ. ‘ಲಗಾನ್’ ನಿರ್ದೇಶಿಸಿದ ಆಶುತೋಷ್ ಗೋವಾರಿಕರ್ ಆರಂಭದ ಕಂತುಗಳಲ್ಲಿ ಇನ್‌ಸ್ಪೆಕ್ಟರ್ ಆಗಿದ್ದರು. ಇನ್‌ಸ್ಪೆಕ್ಟರ್ ಅಭಿಜಿತ್ ಆಗಿ ಮನೆಮಾತಾದ ಆದಿತ್ಯ ಶ್ರೀವಾಸ್ತವ ಮೊದಲು ಇದೇ ಧಾರಾವಾಹಿಯಲ್ಲಿ ಅಪರಾಧಿಯ ಪಾತ್ರ ಮಾಡಿದ್ದರು. ನಗಿಸುತ್ತಿದ್ದ ಫ್ರೆಡ್ರಿಕ್ಸ್ ಪಾತ್ರದ ದಿನೇಶ್ ಫಡ್ನಿಸ್ ನಟಿಸುವುದರ ಜೊತೆಗೆ ಕೆಲವು ಕಂತುಗಳ ಕಥೆಯನ್ನೂ ಬರೆದರು, 2023ರ ಡಿಸೆಂಬರ್ 5ರಂದು ತೀರಿಕೊಂಡರು. ತರುಣ ಅಧಿಕಾರಿ ವಿವೇಕ್ ಆಗಿದ್ದ ವಿವೇಕ್ ಮಶ್ರು ನಟನೆ ಬಿಟ್ಟು ಬೆಂಗಳೂರಿನ ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಹೇಳುವವರಾದರು. 2023ರಲ್ಲಿ ಈ ಸಂಗತಿ ಹೊರಬಿದ್ದಾಗ, ‘ನಮ್ಮ ಮೇಷ್ಟ್ರು ಸಿ.ಐ.ಡಿ.’ ಎಂದು ವಿದ್ಯಾರ್ಥಿಗಳು ಹಿಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ನಾಡಿಗೆ ಇನ್ನೂ ಹತ್ತಿರದ ನಂಟೊಂದಿದೆ. ದಯಾ ಪಾತ್ರಧಾರಿ ದಯಾನಂದ ಶೆಟ್ಟಿಯವರ ಊರು ಉಡುಪಿ ಬಳಿಯ ಕಟ್ಪಾಡಿ. ನಟನಾಗುವ ಮೊದಲು ಅವರು ಕ್ರೀಡಾಪಟು, ಡಿಸ್ಕಸ್ ಎಸೆತದಲ್ಲಿ ಮಹಾರಾಷ್ಟ್ರದ ಚಾಂಪಿಯನ್. ತುಳು ನಾಟಕದಲ್ಲೂ ಪಾತ್ರ ಮಾಡಿದವರು. ಬಾಗಿಲಿಗೆ ಬಿದ್ದ ಒದೆತದ ಹಿಂದೆ ಮೈದಾನದ ತಾಲೀಮು ಇತ್ತು ಎಂದಾಯಿತು. ಕಟ್ಪಾಡಿ ಎಂದರೆ ಈ ಪುಟಗಳ ಓದುಗರಿಗೆ ಮೊದಲು ನೆನಪಾಗುವುದು ಕತೆಗಾರ ಫಕೀರ್ ಮುಹಮ್ಮದ್ ಕಟ್ಪಾಡಿಯವರು. ಒಂದೇ ಊರು ಕನ್ನಡಕ್ಕೆ ಮುಸ್ಲಿಂ ಮನೆಗಳ ಬಾಗಿಲು ತೆರೆದು ತೋರಿಸಿದ ಕತೆಗಾರನನ್ನೂ, ಹಿಂದಿಗೆ ಬಾಗಿಲು ಒಡೆಯುವ ನಟನನ್ನೂ ಕೊಟ್ಟದ್ದು ಒಂದು ಸ್ವಾರಸ್ಯ.

ಇನ್ನು ಎಲ್ಲಕ್ಕಿಂತ ದೊಡ್ಡ ಸಾಹಸವೆಂದರೆ 2004ರ ನವೆಂಬರ್ 7ರಂದು ಪ್ರಸಾರವಾದ ‘ಇನ್‌ಹೆರಿಟೆನ್ಸ್’ ಎಂಬ ಕಂತು. 111 ನಿಮಿಷ, ಒಂದೇ ಶಾಟ್. ಅಕ್ಟೋಬರ್ 8ರಂದು ಚಿತ್ರೀಕರಣ. ಕ್ಯಾಮರಾ ಒಮ್ಮೆ ಓಡಲು ಶುರುವಾದರೆ ಕಥೆ ಮುಗಿಯುವವರೆಗೆ ನಿಲ್ಲುವಂತಿಲ್ಲ, ಯಾರೂ ಮಾತು ಮರೆಯುವಂತಿಲ್ಲ. ನೂರನೇ ನಿಮಿಷದಲ್ಲಿ ಒಬ್ಬ ಎಡವಿದರೆ ಎಲ್ಲರೂ ಮೊದಲಿನಿಂದ ಆರಂಭಿಸಬೇಕು. ನಾಟಕದವರಿಗೆ ಇದು ಗೊತ್ತು, ಧಾರಾವಾಹಿಯವರಿಗೆ ಹೊಸದು. ಲಿಮ್ಕಾ, ಗಿನ್ನೆಸ್ ಎರಡೂ ದಾಖಲೆ ಪುಸ್ತಕಗಳಲ್ಲಿ ಇದು ಸೇರಿತು. ಬಿ.ಪಿ. ಸಿಂಗ್ ಅವರ ಛಾಯಾಗ್ರಾಹಕ ವೃತ್ತಿಗೆ ಇದಕ್ಕಿಂತ ದೊಡ್ಡ ಗೌರವ ಬೇಕಿಲ್ಲ.

ಆದರೆ ಈ ದಾಖಲೆಯ ಕಥೆ ಕೇಳಿದಾಗಲೆಲ್ಲ ನಮಗೆ ಇನ್ನೊಂದು ಯೋಚನೆ ಬರುತ್ತದೆ. 111 ನಿಮಿಷ ಎಲ್ಲೂ ಕತ್ತರಿ ಹಾಕದೆ ಕಥೆ ಹೇಳಬಲ್ಲ ಈ ತಂಡ, ಇಪ್ಪತ್ತು ವರ್ಷವೂ ಕಥೆಯನ್ನು ಒಂದೇ ಜಾಗದಲ್ಲಿ ಕತ್ತರಿಸಿತು. ಅಪರಾಧಿ ಸಿಕ್ಕ, ಕಪಾಳಕ್ಕೆ ಬಿತ್ತು, ತಪ್ಪೊಪ್ಪಿದ, ‘ನಿನಗೆ ಗಲ್ಲೇ ಗತಿ’ ಎಂದು ಎ.ಸಿ.ಪಿ. ಹೇಳಿದರು, ಮುಗಿಯಿತು. ಆಮೇಲಿನದು ತೆರೆಗೆ ಬರಲಿಲ್ಲ.

ನಮ್ಮ ಖಾಲಾ ಮನೆಯ ಬಾಗಿಲು

ಇದು ಪುಸ್ತಕದ ತಕರಾರಲ್ಲ ಎಂದು ತಿಳಿಸಲು ಒಂದು ಘಟನೆ ಹೇಳಬೇಕು. ಊರು, ಠಾಣೆ ಹೇಳುವುದಿಲ್ಲ.

2010ರ ಆಸುಪಾಸು. ದೂರದ ಸಂಬಂಧದಲ್ಲಿ ನಮಗೆ ಖಾಲಾ ಆಗಬೇಕಾದ ಒಬ್ಬರಿದ್ದರು. ಗಂಡ ತೀರಿಹೋಗಿ, ಅಡಿಕೆ ಸುಲಿಯುವ ಕೂಲಿಯಲ್ಲಿ ಮಗನನ್ನು ಸಾಕಿದವರು. ಅವರೂ ಸಿ.ಐ.ಡಿ. ಭಕ್ತರು, ಡಾಕ್ಟರ್ ಸಾಳುಂಕೆ ಮತ್ತು ಎ.ಸಿ.ಪಿ. ಕಿತ್ತಾಡುವುದನ್ನು ನೋಡಿ ಬಾಯಿಗೆ ಸೆರಗು ಹಿಡಿದು ನಗುವವರು. ಒಂದು ತೋಟದ ಮನೆಯಿಂದ ಒಣಗಿಸಿಟ್ಟ ಅಡಿಕೆ ಮೂಟೆಗಳು ಕಳವಾದವು. ಅಲ್ಲಿ ಕೆಲಸಕ್ಕೆ ಹೋಗುತ್ತಿದ್ದ ಏಳೆಂಟು ಹುಡುಗರಲ್ಲಿ ಖಾಲಾನ ಮಗನೂ ಒಬ್ಬ. ರಾತ್ರಿ ಎರಡು ಗಂಟೆಗೆ ಹಿತ್ತಿಲ ಬಾಗಿಲು ಮುರಿದು ನಾಲ್ಕು ಜನ ಒಳಗೆ ಬಂದರು. ಕೂಗಿ ಕರೆಯಲಿಲ್ಲ, ಯಾರೆಂದು ಹೇಳಲಿಲ್ಲ. ಹುಡುಗನನ್ನು ಎಳೆದುಕೊಂಡು ಹೋದರು. ಮೂರನೆಯ ದಿನ ಬಿಟ್ಟರು, ಅಡಿಕೆ ಕದ್ದದ್ದು ತೋಟದ ಯಜಮಾನರ ಸಂಬಂಧಿಯೇ ಎಂದು ಗೊತ್ತಾಗಿತ್ತು. ಹುಡುಗನ ಒಂದು ಕಿವಿ ಇವತ್ತಿಗೂ ಸರಿಯಾಗಿ ಕೇಳಿಸುವುದಿಲ್ಲ.

ಊರಿನ ಜನ ಕೆಟ್ಟವರಲ್ಲ. ಆದರೆ ಆ ಮೂರು ದಿನ ಟೀ ಅಂಗಡಿಯಲ್ಲಿ ಕೇಳಿಬಂದ ಮಾತು, ‘ಸಿ.ಐ.ಡಿ. ಥರ ಎರಡು ಬಿಗಿದ್ರೆ ಬಾಯಿ ಬಿಡ್ತಾನೆ ಬಿಡ್ರಿ.’ ಹೇಳಿದವರಲ್ಲಿ ನಮ್ಮವರೂ ಇದ್ದರು. ಅದನ್ನು ಕೇಳಿಯೂ ನಾವು ಟೀ ಕುಡಿದು ಎದ್ದು ಬಂದೆವು ಎಂಬುದನ್ನು ಇಲ್ಲಿ ಬರೆಯದೆ ಬೇರೆಯವರ ಮೇಲೆ ತಪ್ಪು ಹೊರಿಸುವುದು ಸರಿಯಾಗದು.

ನಾವು ಮನೆಗೆ ಹೋದಾಗ ಖಾಲಾ ಹಿತ್ತಿಲ ಬಾಗಿಲಿಗೆ ಅಡಿಕೆ ದಬ್ಬೆ ಅಡ್ಡ ಕಟ್ಟುತ್ತಿದ್ದರು. ಮಗನ ಮಾತು ಎತ್ತಲಿಲ್ಲ. ‘ತೋಡ್ನಾ ಆಸಾನ್ ಬಾಬಾ, ಲಗಾನೇಕು ಆಚಾರಿ ಕಿತ್ತಾ ಪೂಚ್ತಾ ಮಾಲೂಮ್?’ ಎಂದರು. ಒಡೆಯುವುದು ಸುಲಭ ಕಣಪ್ಪ, ಕೂರಿಸೋಕೆ ಆಚಾರಿ ಎಷ್ಟು ಕೇಳ್ತಾನೆ ಗೊತ್ತಾ ಎಂದು. ಆ ಬಾಗಿಲಿಗೆ ಆಚಾರಿ ಬಂದದ್ದು ಮುಂದಿನ ಸುಗ್ಗಿ ಕಳೆದ ಮೇಲೆ.

ಚಿತ್ರೀಕರಣದ ಬಾಗಿಲು ಸಾಮಾನ್ಯವಾಗಿ ತೆಳು ಪ್ಲೈವುಡ್ಡಿನದು. ಚಿಲಕ ನಿಲ್ಲುವಷ್ಟು ಮಾತ್ರ ಮೊಳೆ ಹೊಡೆದಿರುತ್ತಾರೆ, ಒದ್ದ ಮೇಲೆ ಕಲಾ ವಿಭಾಗದ ಬಡಗಿ ಬಂದು ಮತ್ತೆ ಕೂರಿಸುತ್ತಾನೆ. ಇನ್ನೊಂದು ಟೇಕ್, ಇನ್ನೊಂದು ಒದೆತ. ತೆರೆಮರೆಯ ಈ ಸಣ್ಣ ಸಂಗತಿ ನಮಗೆ ಬಹುದೊಡ್ಡದಾಗಿ ಕಂಡಿದ್ದು ಖಾಲಾನ ಅಡಿಕೆ ದಬ್ಬೆ ನೋಡಿದ ಮೇಲೆ.

ಕಾನೂನಿನ ಬಾಗಿಲು

ಬಾಗಿಲು ಒಡೆಯಲು ಪೊಲೀಸರಿಗೆ ಅಧಿಕಾರವೇ ಇಲ್ಲವೆ? ಇದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 47ನೇ ಕಲಮು ಅದನ್ನು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 44ನೇ ಕಲಮಿನಲ್ಲೂ ಅದೇ ಇದೆ. ಬಂಧಿಸಬೇಕಾದ ವ್ಯಕ್ತಿ ಒಳಗಿದ್ದಾನೆಂದು ನಂಬಲು ಕಾರಣವಿರಬೇಕು, ತಾನು ಯಾರು, ಏಕೆ ಬಂದಿದ್ದೇನೆ ಎಂದು ಅಧಿಕಾರಿ ಹೇಳಬೇಕು, ಒಳಗೆ ಬಿಡಲು ಕೇಳಬೇಕು. ಇಷ್ಟಾದ ಮೇಲೂ ಬಿಡದಿದ್ದರೆ ಆಗ ಒಡೆಯಬಹುದು.

ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ. ರೂಢಿಯಂತೆ ಹೊರಗಿನವರ ಎದುರು ಬಾರದ ಹೆಣ್ಣುಮಗಳು ಆ ಕೋಣೆಯಲ್ಲಿದ್ದು, ಬಂಧಿಸಬೇಕಾದವಳು ಅವಳಲ್ಲದಿದ್ದರೆ, ಒಳನುಗ್ಗುವ ಮೊದಲು ಆಕೆಗೆ ತಿಳಿಸಬೇಕು, ಬೇರೆ ಕಡೆ ಸರಿದುಹೋಗಲು ಅನುಕೂಲ ಮಾಡಿಕೊಡಬೇಕು. ಪರದೆಯ ಹೆಣ್ಣುಮಕ್ಕಳ ಮರ್ಯಾದೆಯನ್ನು ಬ್ರಿಟಿಷರ ಕಾಲದಿಂದ ಇವತ್ತಿನವರೆಗೆ ಕಾನೂನು ಮರೆತಿಲ್ಲ. ಬಡ ಮುಸ್ಲಿಂ ಮನೆಗಳಲ್ಲಿ, ರಜಪೂತರ ಮನೆಗಳಲ್ಲಿ, ಇಂಥ ರೂಢಿ ಇರುವ ಯಾವ ಮನೆಯಲ್ಲೇ ಆಗಲಿ ಈ ರಕ್ಷಣೆ ಇದೆ. ನಮ್ಮ ಖಾಲಾಗೆ ಇದು ಗೊತ್ತಿರಲಿಲ್ಲ. ನಮಗೂ ಗೊತ್ತಿರಲಿಲ್ಲ, ಆಮೇಲೆ ಓದಿ ತಿಳಿದದ್ದು. ಸಾವಿರದೈನೂರು ಕಂತು ನೋಡಿದವರಿಗೆ ಬಾಗಿಲು ಒಡೆಯುವ ಭಂಗಿ ಗೊತ್ತು, ಒಡೆಯುವ ಮೊದಲು ಹೇಳಬೇಕಾದ ಎರಡು ಮಾತು ಗೊತ್ತಿಲ್ಲ. ದಯಾ ಒದೆಯುವ ಮೊದಲು ಒಮ್ಮೆ ‘ನಾವು ಪೊಲೀಸರು, ಬಾಗಿಲು ತೆಗೆಯಿರಿ, ಹೆಂಗಸರಿದ್ದರೆ ಪಕ್ಕಕ್ಕೆ ಹೋಗಲಿ’ ಎಂದಿದ್ದರೆ ಕಂತಿನ ಐದು ಸೆಕೆಂಡ್ ಹೆಚ್ಚು ಹಿಡಿಯುತ್ತಿತ್ತು, ಅಷ್ಟೆ.

ಕಪಾಳಮೋಕ್ಷದ ವಿಷಯವೂ ಹೀಗೆಯೇ. ಪೊಲೀಸ್ ಅಧಿಕಾರಿಯ ಎದುರು ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲವೆಂದು 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮು ಹೇಳಿತ್ತು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮೂ ಅದನ್ನೇ ಹೇಳುತ್ತದೆ. ಹೊಡೆದರೆ ಯಾರು ಏನನ್ನಾದರೂ ಒಪ್ಪಿಕೊಳ್ಳುತ್ತಾರೆಂದು ವಸಾಹತು ಸರಕಾರಕ್ಕೂ ಗೊತ್ತಿತ್ತು. ಅಂದರೆ ಸಿ.ಐ.ಡಿ.ಯ ಪ್ರತಿ ಕಂತಿನ ಕೊನೆಯ ಆ ಭರ್ಜರಿ ತಪ್ಪೊಪ್ಪಿಗೆಗೆ ನ್ಯಾಯಾಲಯದಲ್ಲಿ ಕಾಸಿನ ಬೆಲೆ ಇಲ್ಲ! ಧಾರಾವಾಹಿ ಶುರುವಾಗುವ ಹದಿಮೂರು ತಿಂಗಳ ಮೊದಲು, 1996ರ ಡಿಸೆಂಬರ್‌ನಲ್ಲಿ, ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಂಧನದ ನಿಯಮಗಳನ್ನು ಬಿಡಿಸಿ ಹೇಳಿತ್ತು. ಅಧಿಕಾರಿಯ ಎದೆಯ ಮೇಲೆ ಹೆಸರಿನ ಪಟ್ಟಿ ಇರಬೇಕು, ಬಂಧನದ ಪತ್ರಕ್ಕೆ ಸಾಕ್ಷಿಯ ರುಜು ಬೇಕು, ಮನೆಯವರಿಗೆ ತಿಳಿಸಬೇಕು, 48 ಗಂಟೆಗೊಮ್ಮೆ ವೈದ್ಯರ ತಪಾಸಣೆಯಾಗಬೇಕು. ಇದರಲ್ಲಿ ಒಂದಾದರೂ ಪ್ರದ್ಯುಮ್ನ ಸಾಹೇಬರ ಕಚೇರಿಯಲ್ಲಿ ನಡೆದದ್ದು ನಮ್ಮ ನೆನಪಿನಲ್ಲಿಲ್ಲ.

ಬಣ್ಣದ ನೀರು ಮತ್ತು ಸತ್ಯ

ಡಾಕ್ಟರ್ ಸಾಳುಂಕೆಯ ಪ್ರಯೋಗಾಲಯ ನಮ್ಮನ್ನು ಬಹಳ ರಂಜಿಸಿದೆ. ನರೇಂದ್ರ ಗುಪ್ತ ಆ ಪಾತ್ರವನ್ನು ಪ್ರೀತಿಯಿಂದ ಮಾಡಿದ್ದಾರೆ. ಕೆಂಪು ನೀರಿಗೆ ನೀಲಿ ನೀರು ಸುರಿದರೆ ಹಸಿರಾಗಿ ವಿಷದ ಹೆಸರು ಗೊತ್ತಾಗುತ್ತಿತ್ತು. ಎ.ಸಿ.ಪಿ. ಮೆಟ್ಟಿಲಿಳಿಯುವ ಮೊದಲೇ ವರದಿ ಸಿದ್ಧ. ನಿಜದ ವಿಧಿವಿಜ್ಞಾನ ಪ್ರಯೋಗಾಲಯದಿಂದ ವರದಿ ಬರಲು ತಿಂಗಳುಗಟ್ಟಲೆ ಕಾಯಬೇಕೆಂದು ಕೋರ್ಟು ಕಚೇರಿ ಕಂಡವರಿಗೆ ಗೊತ್ತು. ಅಮೆರಿಕದಲ್ಲಿ 2000ದಲ್ಲಿ ಆರಂಭವಾದ ‘ಸಿ.ಎಸ್.ಐ.’ ಧಾರಾವಾಹಿಯ ನಂತರ, ಜ್ಯೂರಿಗಳು ಪ್ರತಿಯೊಂದು ಮೊಕದ್ದಮೆಯಲ್ಲೂ ಟಿ.ವಿ.ಯಂಥ ಪ್ರಯೋಗಾಲಯದ ಪುರಾವೆ ಕೇಳತೊಡಗಿದರೆಂದು ಸರಕಾರಿ ವಕೀಲರು ದೂರಿದರು. ಅದಕ್ಕೆ ‘ಸಿ.ಎಸ್.ಐ. ಪರಿಣಾಮ’ ಎಂಬ ಹೆಸರೇ ಬಿತ್ತು.

ನಮ್ಮಲ್ಲಿ ಪರಿಣಾಮ ಬೇರೆ ದಿಕ್ಕಿನಲ್ಲಿ ಆಯಿತು. ಯಂತ್ರ ಹೇಳಿದ್ದೆಲ್ಲ ಸತ್ಯವೆಂಬ ನಂಬಿಕೆ ಬೆಳೆಯಿತು. ಇದಕ್ಕೆ ಬೆಂಗಳೂರೇ ದೊಡ್ಡ ಉದಾಹರಣೆ. ದೇಶದ ಎಲ್ಲೆಲ್ಲಿಂದಲೋ ಆರೋಪಿಗಳನ್ನು ಮಂಪರು ಪರೀಕ್ಷೆಗೆ ಬೆಂಗಳೂರಿಗೆ ಕರೆತರುತ್ತಿದ್ದ ಕಾಲವೊಂದಿತ್ತು. ನಕಲಿ ಛಾಪಾ ಕಾಗದ ಪ್ರಕರಣದ ಅಬ್ದುಲ್ ಕರೀಂ ತೆಲಗಿಯ ಮಂಪರು ಪರೀಕ್ಷೆಯ ದೃಶ್ಯಗಳು ಟಿ.ವಿ. ವಾಹಿನಿಗಳಲ್ಲೂ ಬಂದವು. ಆತ ಅಪರಾಧಿ ಹೌದು, ನ್ಯಾಯಾಲಯವೇ ಶಿಕ್ಷೆ ವಿಧಿಸಿತು. ಆದರೆ ಅರೆಪ್ರಜ್ಞೆಯಲ್ಲಿ ತೊದಲುವ ಮನುಷ್ಯನನ್ನು ನಾಡು ರಾತ್ರಿ ಊಟದ ಹೊತ್ತಿನಲ್ಲಿ ನೋಡಿತಲ್ಲ, ಅದು ಧಾರಾವಾಹಿಯೋ ತನಿಖೆಯೋ? ಕೊನೆಗೆ ‘ಸೆಲ್ವಿ ವಿರುದ್ಧ ಕರ್ನಾಟಕ ಸರಕಾರ’ ಎಂಬ, ನಮ್ಮ ರಾಜ್ಯದಿಂದಲೇ ಹೋದ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಒಪ್ಪಿಗೆಯಿಲ್ಲದೆ ಯಾರಿಗೂ ಮಂಪರು ಪರೀಕ್ಷೆ, ಸುಳ್ಳುಪತ್ತೆ, ಮೆದುಳಿನ ಪರೀಕ್ಷೆ ಮಾಡುವಂತಿಲ್ಲ, ಅದು ಸಂವಿಧಾನಕ್ಕೆ ವಿರುದ್ಧ ಎಂದು.

ಇನ್ನು ಸುಳಿವಿನ ಮಾತು. ಸಿ.ಐ.ಡಿ.ಯಲ್ಲಿ ಒಂದು ಗುಂಡಿ, ಒಂದು ಕೂದಲು, ಒಂದು ಸಿಮ್ ಕಾರ್ಡು ಸಿಕ್ಕರೆ ಸಾಕು, ಅಪರಾಧಿ ಸಿಕ್ಕಂತೆ. ನಮ್ಮದೇ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯ ಡಾ. ಮೊಹಮ್ಮದ್ ಹನೀಫ್ ಅವರಿಗೆ ಒಂದು ಸಿಮ್ ಕಾರ್ಡು ಏನು ಮಾಡಿತೆಂದು ಓದುಗರಿಗೆ ನೆನಪಿರಬಹುದು. 2007ರ ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧನ. ಅವರು ಸಂಬಂಧಿಗೆ ಬಿಟ್ಟುಬಂದಿದ್ದ ಸಿಮ್ ಗ್ಲಾಸ್ಗೋ ದಾಳಿಯ ಉರಿಯುವ ಜೀಪಿನಲ್ಲಿ ಸಿಕ್ಕಿತೆಂದು ಆಸ್ಟ್ರೇಲಿಯಾದ ನ್ಯಾಯಾಲಯದಲ್ಲಿ ಹೇಳಲಾಯಿತು. ಅದು ಸಿಕ್ಕಿದ್ದು ಜೀಪಿನಲ್ಲಲ್ಲ, ದೂರದ ಲಿವರ್‌ಪೂಲ್‌ನಲ್ಲಿ ಎಂದು ಹೊರಗೆಡವಿದವರು ಅಲ್ಲಿನ ಪತ್ರಕರ್ತರು. ಜುಲೈ 27ರಂದು ಆರೋಪ ಕೈಬಿಟ್ಟರು. ಮುಂದೆ ಆ ಸರಕಾರವೇ ನೇಮಿಸಿದ ವಿಚಾರಣೆ ಅವರು ನಿರ್ದೋಷಿಯೆಂದಿತು, 2010ರಲ್ಲಿ ಪರಿಹಾರವೂ ಸಿಕ್ಕಿತು. ಸುಳಿವೊಂದು ಎಲ್ಲಿ ಸಿಕ್ಕಿತು ಎಂಬುದನ್ನು ತಪ್ಪಾಗಿ ಹೇಳಿದರೆ ಒಬ್ಬ ಮನುಷ್ಯನ ಬದುಕು ಏನಾಗುತ್ತದೆ? ಈ ಪ್ರಶ್ನೆಯನ್ನು 1547 ಕಂತುಗಳಲ್ಲಿ ಒಂದಾದರೂ ಗಟ್ಟಿಯಾಗಿ ಕೇಳಿದ್ದರೆ ಎಂದು ಆಸೆಪಡುವುದು ಅತಿಯಾಯಿತೆ?

ಧಾರಾವಾಹಿಗೆ ಸಲ್ಲಬೇಕಾದ್ದು

ಇಷ್ಟೆಲ್ಲ ದೂರಿದ ಮೇಲೆ ಸಲ್ಲಬೇಕಾದ ಹೊಗಳಿಕೆ ಸಲ್ಲಿಸದಿದ್ದರೆ ಅನ್ಯಾಯವಾದೀತು. ನಾವು ನೋಡಿದ ಕಂತುಗಳ ಮಟ್ಟಿಗೆ ಸಿ.ಐ.ಡಿ. ಅಪರಾಧಕ್ಕೆ ಜಾತಿ, ಧರ್ಮ ಹಚ್ಚಲಿಲ್ಲ. ಅಲ್ಲಿ ಕೊಲೆಯಾಗುತ್ತಿದ್ದುದು ಆಸ್ತಿಗೆ, ಅಸೂಯೆಗೆ, ಹಳೆಯ ಸೇಡಿಗೆ. ಗಡ್ಡ, ಟೋಪಿ ತೋರಿಸಿದರೆ ಸಾಕು ಖಳನಾಯಕ ಯಾರೆಂದು ಗೊತ್ತಾಗುವ ಸಿನಿಮಾಗಳು ಸಾಲುಸಾಲಾಗಿ ಬರುತ್ತಿದ್ದ ಕಾಲದಲ್ಲಿ, ಮುಸ್ಲಿಂ ಮನೆಯ ಪಡಸಾಲೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಮುಜುಗರವಿಲ್ಲದೆ ನೋಡಬಹುದಾಗಿದ್ದ ಪೊಲೀಸ್ ಕಥೆ ಇದು. ಅಶ್ಲೀಲವಿಲ್ಲ, ರಕ್ತದ ಕೋಡಿಯೂ ಇಲ್ಲ. ಅಬ್ಬಾ ಕುರ್ಚಿ ತಿರುಗಿಸಿಕೊಂಡದ್ದಕ್ಕೆ ಇದೂ ಕಾರಣ.

ಅಬ್ಬಾ ಇಬ್ನೆ ಸಫಿಯ ಓದುಗರು. 1952ರಲ್ಲಿ ಅಲಹಾಬಾದಿನಿಂದ ಶುರುವಾದ ‘ಜಾಸೂಸಿ ದುನಿಯಾ’ ಮಾಲೆಯ ಹಳದಿ ಬಿದ್ದ ಪ್ರತಿಗಳು ನಮ್ಮ ಮನೆಯ ಟ್ರಂಕಿನಲ್ಲಿದ್ದವು. ಕರ್ನಲ್ ಫರೀದಿ, ಕ್ಯಾಪ್ಟನ್ ಹಮೀದ್ ಅವರ ಪಾಲಿಗೆ ನೆಂಟರಂತೆ. ಕಾನೂನನ್ನು ಗೌರವಿಸುವುದನ್ನು ಕಲಿಸಲು ಬರೆಯುತ್ತೇನೆ ಎನ್ನುತ್ತಿದ್ದರು ಇಬ್ನೆ ಸಫಿ. ಕನ್ನಡದ ಕಡೆಯಿಂದ ನಾವು ಗ್ರಂಥಾಲಯದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿದೆವು. ಸಾವಿರಾರು ಜನರಿಗೆ ಓದುವ ಚಟ ಹತ್ತಿಸಿದ ಈ ಇಬ್ಬರನ್ನೂ ಎರಡೂ ಭಾಷೆಗಳ ವಿಮರ್ಶಕರು ಬಹುಕಾಲ ಹೊಸಿಲ ಹೊರಗೇ ನಿಲ್ಲಿಸಿದರು. ಸಿ.ಐ.ಡಿ. ಇದೇ ವಂಶದ ಕಿರುತೆರೆಯ ಕುಡಿ. ಅದನ್ನು ‘ಟೈಂಪಾಸ್’ ಎಂದು ತಳ್ಳಿಹಾಕುವುದು ಅದೇ ತಪ್ಪನ್ನು ಮತ್ತೆ ಮಾಡಿದಂತೆ. ಕೋಟ್ಯಂತರ ಜನ ನ್ಯಾಯವೆಂದರೆ ಏನೆಂದು ಕಲಿಯುವುದು ಇಂಥ ಕಡೆಯೇ. ಆದ್ದರಿಂದಲೇ ಅದನ್ನು ಗಂಭೀರವಾಗಿ ಪ್ರಶ್ನಿಸಬೇಕು.

ಕನ್ನಡ ಕಿರುತೆರೆ ಬೇರೆ ದಾರಿ ಹಿಡಿದದ್ದೂ ಇದೆ. ಸಿ.ಐ.ಡಿ. ಆರಂಭವಾದ 1998ರಲ್ಲೇ ದೂರದರ್ಶನದಲ್ಲಿ ‘ಮಾಯಾಮೃಗ’ ಬಂತು. ಅದರ ಟಿ.ಎನ್. ಸೀತಾರಾಮ್ ಸ್ವತಃ ವಕೀಲಿ ಮಾಡಿದವರು. ಮುಂದೆ ‘ಮುಕ್ತ’ದಂಥ ಧಾರಾವಾಹಿಗಳಲ್ಲಿ ತಾವೇ ವಕೀಲ ಸಿ.ಎಸ್.ಪಿ. ಆಗಿ ನಿಂತು ಪಾಟೀಸವಾಲು ನಡೆಸಿದರು. ಅಲ್ಲಿ ಕಟಕಟೆಯಿತ್ತು, ಆರೋಪಿಗೆ ಬಾಯಿತ್ತು, ಸಾಕ್ಷಿ ಎಡವುತ್ತಿದ್ದ, ನ್ಯಾಯಾಧೀಶರು ಕೇಳಿಸಿಕೊಳ್ಳುತ್ತಿದ್ದರು. ನಮ್ಮ ಪಕ್ಕದ ಮನೆಯ ಅಜ್ಜಿ ಅದನ್ನು ಯಾರ ಅನುವಾದವೂ ಇಲ್ಲದೆ ನೋಡಿ, ‘ಈ ವಕೀಲಪ್ಪ ಇದ್ದಿದ್ರೆ ಆ ಹಿಂದಿಯೋರು ಅಷ್ಟು ಸಲೀಸಾಗಿ ಗಲ್ಲಿಗೆ ಹಾಕೋಕಾಗ್ತಿರ್ಲಿಲ್ಲ’ ಎಂದಿದ್ದರು. ಎರಡು ಧಾರಾವಾಹಿಗಳ ತೌಲನಿಕ ವಿಮರ್ಶೆಯನ್ನು ಇದಕ್ಕಿಂತ ಚೆನ್ನಾಗಿ ನಮಗೆ ಬರೆಯಲಾಗದು. ಇನ್ನೊಂದು ಕಡೆ, ರವಿ ಬೆಳಗೆರೆಯವರ ಧ್ವನಿಯಲ್ಲಿ ಈಟಿವಿಯಲ್ಲಿ ಬಂದ ‘ಕ್ರೈಂ ಡೈರಿ’ಯ ಹಾದಿ ಹಿಡಿದು ನಿಜ ಪ್ರಕರಣಗಳನ್ನು ಹೇಳುವ ಕಾರ್ಯಕ್ರಮಗಳು ಹಲವು ಬಂದವು. ಬೆಳಗೆರೆಯವರಿಗಿದ್ದ ಭಾಷೆಯ ಕಸುವು ಉಳಿದವರಿಗೆ ಇರಲಿಲ್ಲ, ಕರ್ಕಶ ಸಂಗೀತ ಮಾತ್ರ ಉಳಿಯಿತು. ಅವುಗಳ ಪಕ್ಕದಲ್ಲಿಟ್ಟರೆ ಸಿ.ಐ.ಡಿ. ಎಷ್ಟೋ ಸಭ್ಯ.

ಪಾತ್ರ ಬದಲಾಗುವುದಿಲ್ಲ

ಆದಿತ್ಯ ಶ್ರೀವಾಸ್ತವ ಅಪರಾಧಿಯಾಗಿ ಬಂದು ಆಮೇಲೆ ಇನ್‌ಸ್ಪೆಕ್ಟರ್ ಆದ ಸಂಗತಿಯನ್ನು ಮೇಲೆ ಹೇಳಿದೆವು. ನೋಡುಗರು ಹಳೆಯ ಮುಖ ಮರೆತು ಹೊಸ ಮುಖವನ್ನು ಒಪ್ಪಿಕೊಂಡರು. ಖಾಲಾನ ಮಗನಿಗೆ ಈ ಸೌಕರ್ಯ ಸಿಗಲಿಲ್ಲ. ಅಡಿಕೆ ಕದ್ದವನು ಬೇರೆ ಎಂದು ಎಲ್ಲರಿಗೂ ಗೊತ್ತು. ಆದರೂ ಮೂರು ವರ್ಷ ಯಾರೂ ತೋಟದ ಕೆಲಸಕ್ಕೆ ಕರೆಯಲಿಲ್ಲ. ‘ಪೊಲೀಸ್ರು ಕರ್ಕೊಂಡು ಹೋಗಿದ್ರಲ್ಲ, ಅವ್ನು’ ಎಂಬುದೇ ಅವನ ಗುರುತಾಯಿತು. ಕೊನೆಗೆ ಊರು ಬಿಟ್ಟು ಬೆಂಗಳೂರಿನ ಗ್ಯಾರೇಜೊಂದಕ್ಕೆ ಸೇರಿಕೊಂಡ.

ಧಾರಾವಾಹಿ ಮತ್ತೆ ಶುರುವಾದ ಮೇಲೆ ಒಮ್ಮೆ ಖಾಲಾ ಮನೆಗೆ ಹೋಗಿದ್ದೆವು. ವಯಸ್ಸಾಗಿದೆ, ಈಗ ಅಡಿಕೆ ಸುಲಿಯಲು ಹೋಗುವುದಿಲ್ಲ. ರಜೆಗೆ ಬಂದಿದ್ದ ಮೊಮ್ಮಗ ಮೊಬೈಲಿನಲ್ಲಿ ಹೊಸ ಸಿ.ಐ.ಡಿ. ನೋಡುತ್ತಿದ್ದ. ಎ.ಸಿ.ಪಿ.ಯ ಅದೇ ಆಜ್ಞೆ, ದಯಾನ ಅದೇ ಒದೆತ. ಕೂದಲು ನರೆತಿದೆ, ಕಾಲಿನ ಕಸುವು ಕಡಿಮೆಯಾಗಿಲ್ಲ. ಹುಡುಗ ಕೇಕೆ ಹಾಕಿದ. ಖಾಲಾ ನಕ್ಕರು, ‘ಚಾಯ್ ರಖ್ತುಂ’ ಎಂದು ಎದ್ದು ಹಿತ್ತಿಲ ಕಡೆ ಹೋದರು. ಹಲಸಿನ ಮರದ ಗಟ್ಟಿ ಬಾಗಿಲು ಈಗ. ಮಗ ಬೆಂಗಳೂರಿನಿಂದ ಕಳಿಸಿದ ದುಡ್ಡಿನಲ್ಲಿ ಮಾಡಿಸಿದ್ದು, ಚಿಲಕ ಎರಡು.

ಕತೆ ಬರೆಯುವವರಾದ ನಮಗೆ ಬಹುದಿನದಿಂದ ಒಂದು ಕತೆ ಕಾಡುತ್ತಿದೆ. ಬಾಗಿಲು ಒಡೆದ ಮರುದಿನ ಬೆಳಿಗ್ಗೆ ಶುರುವಾಗುವ ಕತೆ, ಆಚಾರಿ ಬರುವವರೆಗಿನ ಕತೆ. ನಾಲ್ಕು ಸಲ ಬರೆದು ಹರಿದಿದ್ದೇವೆ. ಪ್ರತಿ ಸಲವೂ ಟೀ ಅಂಗಡಿಯ ದೃಶ್ಯಕ್ಕೆ ಬಂದು ಪೆನ್ನು ನಿಲ್ಲುತ್ತದೆ, ಅಲ್ಲಿ ನಾವೂ ಕೂತಿದ್ದೇವಲ್ಲ. ನಮ್ಮಿಂದಾಗದಿದ್ದರೆ ಇನ್ನಾರಾದರೂ ಬರೆಯಲಿ. ಧಾರಾವಾಹಿಯವರೇ ಮಾಡುವುದಾದರೆ ಇನ್ನೂ ಸಂತೋಷ. ಅದಕ್ಕೆ 111 ನಿಮಿಷ ಬೇಕಾಗಿಲ್ಲ, ದಾಖಲೆಯೂ ಆಗುವುದಿಲ್ಲ. ಮಾಮೂಲಿ ಒಂದು ಕಂತು ಸಾಕು.